ಕಲಾವತಿಯ ಎಡಗೆನ್ನೆ

"ಈ ಗ್ರೇನು ಹೋಗುತ್ತಾ?" ಎಂದು ಕೇಳುತ್ತಾ ಆತ ಕೌಂಟರಿನ ಮೇಲೆ ಪೆನ್‌ಡ್ರೈವ್ ಇಟ್ಟಾಗ ಕಲಾವತಿ ತಲೆ ಎತ್ತಲಿಲ್ಲ. ಎತ್ತಿದ್ದರೆ ಈ ಕಥೆ ಅರ್ಧ ನಿಮಿಷ ಮುಂಚೆ ಶುರುವಾಗುತ್ತಿತ್ತು, ಅಷ್ಟೇ.

ಆರ್.ಟಿ. ನಗರದ ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಒಂದು ಬೇಕರಿ, ಒಂದು ಬುರ್ಖಾ ಅಂಗಡಿ, ಎರಡರ ನಡುವೆ ಇಕ್ಕಟ್ಟಾಗಿ ಕೂತ ಅಬ್ರಾರ್ ಡಿಜಿಟಲ್ಸ್. ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಸಿ.ಡಿ.ಗೆ ಹಾಕಿಕೊಡುವುದು ಆ ಅಂಗಡಿಯ ಹೆಚ್ಚುಗಾರಿಕೆ. ಅದು 2012ನೇ ಇಸವಿ. ಫಿಲ್ಮು ತೊಳೆಯುವ ಲ್ಯಾಬುಗಳೆಲ್ಲ ಬಾಗಿಲು ಹಾಕಿ, ಮನೆಮನೆಯ ಬೀರುವಿನಿಂದ ನೆಗೆಟಿವ್ ಪೊಟ್ಟಣಗಳು ಗಾಬರಿಯಿಂದ ಹೊರಬರುತ್ತಿದ್ದ ಕಾಲ.

ಕಲಾವತಿ ಪೆನ್‌ಡ್ರೈವ್ ಚುಚ್ಚಿ ಚಿತ್ರ ತೆರೆದಳು. ಯಾವುದೋ ಮದುವೆ. ಎಲ್ಲರ ಮುಖದ ಮೇಲೂ ರವೆ ಚೆಲ್ಲಿದ ಹಾಗೆ ದಪ್ಪ ದಪ್ಪ ಗ್ರೇನು.

"ಇದು ಫಿಲ್ಮಿನ ಗ್ರೇನ್ ಅಲ್ಲ ಸಾರ್. ಸ್ಕ್ಯಾನರ್ ಹುಟ್ಸಿರೋ ಸುಳ್ಳು ಗ್ರೇನು. ಟಿವೀಲಿ ಯಾರಾದ್ರೂ ಸಣ್ಣ ಚೌಕಳಿ ಶರ್ಟ್ ಹಾಕ್ಕೊಂಡು ಕೂತ್ರೆ ಶರ್ಟೆಲ್ಲಾ ಕುಣಿಯಲ್ವಾ? ಚೌಕಳಿ ಸಣ್ಣದು, ಟಿವಿ ಚುಕ್ಕಿ ದಪ್ಪ. ಟಿವಿಗೆ ಎಣಿಸೋಕಾಗ್ದೆ ಇಲ್ಲದ ಡಿಸೈನ್ ಮಾಡಿ ತೋರ್ಸುತ್ತೆ. ಇಲ್ಲೂ ಅಷ್ಟೇ. ಯಾರೋ ಅರ್ಜೆಂಟಲ್ಲಿ ಕಮ್ಮಿ ರೆಸಲ್ಯೂಶನ್‌ಗೆ ಎಳ್ದಿದ್ದಾರೆ. ನೆಗೆಟಿವ್ ತಂದಿದ್ದೀರಾ?"

"ತಂದಿದ್ದೀನಿ. ಬೈಯಲ್ಲ ಅಂದ್ರೆ ಕೊಡ್ತೀನಿ."

ಆ ದನಿಗೆ ಅವಳ ಬಲಗೈ ತಾನಾಗಿಯೇ ಎದ್ದು ಸೆರಗನ್ನು ಎಡಗೆನ್ನೆಗೆ ಎಳೆದುಕೊಂಡಿತು. ಆಮೇಲೆ ಅವಳು ತಲೆ ಎತ್ತಿದಳು. ಬಾಲರಾಜ್. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನಗುವಾಗ ಒಂದೇ ಕಡೆ ಏರುವ ತುಟಿ ಮಾತ್ರ ಹಾಗೇ ಇತ್ತು.

"ಎಂಟು ವರ್ಷ ಆಯ್ತು. ಇನ್ನೂ ಮುಖ ನೋಡೋಕ್ ಮುಂಚೆ ನೆಗೆಟಿವ್ ಕೇಳ್ತೀಯಲ್ಲ ಕಲಾ," ಎಂದ.

"ಮುಖ ಸುಳ್ ಹೇಳುತ್ತೆ ಸಾರ್. ನೆಗೆಟಿವ್ ಹೇಳಲ್ಲ," ಎಂದಳು ಕಲಾವತಿ. ಪಾಪ, ಅವಳಿಗೆ ಆಗ ಗೊತ್ತಿರಲಿಲ್ಲ.

ಯಶವಂತಪುರದಲ್ಲಿ ಬ್ಯಾಟರಾಯಪ್ಪನವರ ಸ್ಟುಡಿಯೋ ಅಂದರೆ ಒಂದು ಕಾಲಕ್ಕೆ ಹೆಸರು. ಬಾಲರಾಜ್ ಅವರ ಮಗ, ಕ್ಯಾಮೆರಾ ಅವನ ಕೈಯಲ್ಲಿ. ಕಲಾವತಿ ಹತ್ತೊಂಬತ್ತನೇ ವಯಸ್ಸಿಗೆ ಅಲ್ಲಿ ಟಚಿಂಗ್ ಕೆಲಸಕ್ಕೆ ಸೇರಿದವಳು. ನೆಗೆಟಿವ್‌ನ ಮೇಲೆ ಸೂಜಿಯಂಥ ಪೆನ್ಸಿಲ್ಲಿನಿಂದ ಮುಖದ ಕಲೆ, ಸುಕ್ಕು, ಮೊಡವೆ ಮುಚ್ಚುವ ಕೆಲಸ. ನೆಗೆಟಿವ್‌ನಲ್ಲಿ ಪೆನ್ಸಿಲ್ ತಾಗಿದ ಕಡೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಎಲ್ಲಾದರೂ ಕಪ್ಪು ಬೇಕೆಂದರೆ, ಹುಬ್ಬು ತಿದ್ದಬೇಕೆಂದರೆ, ಅರ್ಧ ಬ್ಲೇಡಿನಿಂದ ಫಿಲ್ಮಿನ ಪದರವನ್ನು ಹಗುರಾಗಿ ಕೆರೆಯಬೇಕು. ಪೆನ್ಸಿಲ್ ಕಲಾವತಿಯದು, ಬ್ಲೇಡು ಎಡಚ ಬಾಲರಾಜನದು. ಒಂದೇ ಲೈಟ್ ಬಾಕ್ಸಿನ ಈ ಕಡೆ ಆ ಕಡೆ ಕೂತು ಇಬ್ಬರೂ ಯಶವಂತಪುರದ ಅರ್ಧ ಊರನ್ನು ಚೆಂದ ಮಾಡಿದ್ದರು.

ಅವನ ಬೆರಳಿಗೆ ಅವಳ ಬೆರಳು ತಾಗುತ್ತಿತ್ತು. ತಾಗಿದಾಗಲೆಲ್ಲ ಅವಳ ಪೆನ್ಸಿಲ್ ಮುರಿಯುತ್ತಿತ್ತು. ಅಷ್ಟರಾಚೆಗೆ ಇಬ್ಬರೂ ಒಂದು ಮಾತಾಡಿರಲಿಲ್ಲ.

ಈಗ ಅವಳಿಗೆ ನಲವತ್ತೈದು, ಅವನಿಗೆ ಐವತ್ತೊಂದು. ಸ್ಟುಡಿಯೋ ಮುಚ್ಚಿ ಎಂಟು ವರ್ಷ. ಅವನ ಹೆಂಡತಿ ಪದ್ಮಶ್ರೀ ತೀರಿಕೊಂಡು ಮೂರು ವರ್ಷ. ಕಲಾವತಿಗೆ ಮದುವೆಯೇ ಆಗಿರಲಿಲ್ಲ. ಬಾಗಲಗುಂಟೆಯ ಒಂದು ರೂಮಿನ ಮನೆಯಲ್ಲಿ ಒಬ್ಬಳೇ ಇದ್ದಳು.

ಅಂದಿನಿಂದ ಬಾಲರಾಜ್ ಪ್ರತಿ ಶನಿವಾರ ಬರತೊಡಗಿದ. ಸ್ಟುಡಿಯೋದ ಹಳೆಯ ನೆಗೆಟಿವ್‌ಗಳು ಮೂರು ಟ್ರಂಕು ತುಂಬ ಇದ್ದವು. ತರುತ್ತಿದ್ದದ್ದು ಮಾತ್ರ ವಾರಕ್ಕೊಂದು ಪೊಟ್ಟಣ.

"ಎಲ್ಲಾ ಒಂದೇ ಸಲ ತಂದ್ಹಾಕಿ ಸಾರ್. ಆಟೋ ದುಡ್ಡಾದ್ರೂ ಉಳಿಯುತ್ತೆ."

"ಒಂದೇ ಸಲ ತಂದ್ರೆ ಒಂದೇ ಸಲ ಬರ್ಬೇಕಾಗುತ್ತಲ್ಲ."

ಅವಳು ಮಾನಿಟರಿನ ಕಡೆ ಮುಖ ತಿರುಗಿಸಿಕೊಂಡು ನಕ್ಕಳು. ಕಪ್ಪು ಪರದೆಯ ಮೇಲೆ ಆ ನಗು ಅವನಿಗೆ ಕಂಡೇ ಕಂಡಿತು. ಕಂಡಿತೆಂದು ಅವಳಿಗೂ ಗೊತ್ತಾಯಿತು.

ಒಳ್ಳೆಯ ಸ್ಕ್ಯಾನಿಗೆ ಸಮಯ ಬೇಕು. ಅವಳು ಒಂದು ಫ್ರೇಮನ್ನು ಮಷೀನಿನ ಕೈಲಾದಷ್ಟು ದೊಡ್ಡದಾಗಿ, ಹದಿನಾರು ಸಲ ಓದಿಸಿ, ಹದಿನಾರನ್ನೂ ಸೇರಿಸಿ ಒಂದು ಮಾಡಿ, ಕೊನೆಗೆ ನಿಧಾನವಾಗಿ ಇಳಿಸಿ ಚಿಕ್ಕದು ಮಾಡುತ್ತಿದ್ದಳು. ಮಷೀನಿನ ಗದ್ದಲ ಕಳೆದು, ಸುಳ್ಳು ಗ್ರೇನು ಬಿದ್ದುಹೋಗಿ, ಫಿಲ್ಮಿನ ನಿಜವಾದ ಗ್ರೇನು ಮಾತ್ರ ಮೆತ್ತಗೆ ಉಳಿಯುತ್ತಿತ್ತು. ಒಂದು ಫ್ರೇಮಿಗೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಬಾಲರಾಜ್ ಸ್ಟೂಲಿನ ಮೇಲೆ ಕೂತು ಬೇಕರಿಯ ದಿಲ್‌ಪಸಂದ್ ಮುರಿದು ಅರ್ಧ ಅವಳ ಕಡೆ ತಳ್ಳುತ್ತಿದ್ದ.

"ಗ್ರೇನ್ ಪೂರ್ತಿ ತೆಗೆಯೋ ಬಟನ್ ಇಲ್ವಾ? ಒತ್ತಿದ್ರೆ ಮುಖ ಬೆಣ್ಣೆ ಥರ ಆಗುತ್ತಂತಲ್ಲ," ಎಂದು ಒಮ್ಮೆ ಕೇಳಿದ.

"ಇದೆ. ನಾನ್ ಒತ್ತಲ್ಲ. ಗ್ರೇನ್ ಜೊತೆ ಮನುಷ್ಯನೂ ಹೋಗ್ತಾನೆ."

"ಹೋಗ್ಲಿ ಬಿಡು. ಯಾರಿಗ್ ಬೇಕು ಎಲ್ಲಾ ವಿವರ."

ಅವಳು ಅದನ್ನು ತಮಾಷೆ ಎಂದುಕೊಂಡಳು.

ಅವಳ ಎಡಗೆನ್ನೆಯ ಕಥೆ ಹೇಳಬೇಕು. ಹತ್ತನೇ ವಯಸ್ಸಿನಲ್ಲಿ ಸೀತಾಳೆ ಸಿಡುಬು ಎದ್ದು ಎಡಗೆನ್ನೆಯ ಮೇಲೆ ಮೂರು ಕಲೆ ಉಳಿದಿದ್ದವು. ಸಾಸಿವೆ ಕಾಳಿನಷ್ಟು. ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ, ಅವಳೂ ಇಟ್ಟಿರಲಿಲ್ಲ. ಇಪ್ಪತ್ತೆರಡಕ್ಕೆ ಗಂಡು ಹುಡುಕಲು ಶುರುಮಾಡಿದಾಗ ಸಂಬಂಧ ಕುದುರಿಸುವ ಗೋಪಾಲಮ್ಮ ಮನೆಗೆ ಬಂದು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು:

"ನೋಡಮ್ಮಾ, ನೀನು ಟಚಿಂಗ್ ಹುಡುಗಿ. ನಿನ್ ಫೋಟೋನ ಯಾರೂ ನಂಬಲ್ಲ. ಟಚಿಂಗ್ ಇಲ್ದಿರೋ ಫೋಟೋ ಕೊಡು. ನೀನು ಕೈ ಹಾಕಿಲ್ಲ ಅಂತ ದೇವ್ರ ಮುಂದೆ ಹೇಳು. ನಾನ್ ಧೈರ್ಯವಾಗಿ ಕೊಟ್ಟು ಬರ್ತೀನಿ."

ಕಲಾವತಿ ದೇವರ ಮುಂದೆ ಕೈ ಮುಗಿದು ಹೇಳಿದಳು. ಫೋಟೋ ಬಾಲರಾಜ್ ತೆಗೆದ. ಫಿಲ್ಮು ಅವನೇ ತೊಳೆದ, ಪ್ರಿಂಟ್ ಅವನೇ ಹಾಕಿದ. ನೆಗೆಟಿವನ್ನು ಅವಳು ಬೆರಳಲ್ಲೂ ಮುಟ್ಟಲಿಲ್ಲ, ಕಣ್ಣಲ್ಲೂ ನೋಡಲಿಲ್ಲ.

ಪೋಸ್ಟ್‌ಕಾರ್ಡ್ ಸೈಜಿನ ಆ ಪ್ರಿಂಟಿನಲ್ಲಿ ಎಡಗೆನ್ನೆಯ ಮೇಲೆ ಹನ್ನೊಂದು ಕಲೆ ಇದ್ದವು.

ಕನ್ನಡಿಯಲ್ಲಿ ಮೂರು, ಫೋಟೋದಲ್ಲಿ ಹನ್ನೊಂದು. ಬೇರೆ ಯಾವ ಹುಡುಗಿಯಾದರೂ ಫೋಟೋಗ್ರಾಫರನ ಜುಟ್ಟು ಹಿಡಿಯುತ್ತಿದ್ದಳು. ಕಲಾವತಿ ಹಿಡಿಯಲಿಲ್ಲ. ಮೂರು ವರ್ಷದಿಂದ ದಿನವೂ ನೆಗೆಟಿವ್ ನೋಡಿದವಳು ಅವಳು. ಪಕ್ಕದಿಂದ ಬಿದ್ದ ಸ್ಟುಡಿಯೋ ಬೆಳಕು ಕನ್ನಡಿಗೆ ಕಾಣದ ಕುಳಿಗಳನ್ನೆಲ್ಲ ಎಬ್ಬಿಸಿ ತೋರಿಸುತ್ತದೆ, ಗಿರಾಕಿಗಳಿಗೇ ಗೊತ್ತಿಲ್ಲದ ಕಲೆಗಳನ್ನು ಅವಳು ಸಾವಿರ ಸಲ ಮುಚ್ಚಿದ್ದಳು. ಕನ್ನಡಿ ದಾಕ್ಷಿಣ್ಯದ್ದು, ಲೆನ್ಸು ನಿಜದ್ದು. ಇದು ಅವಳ ಕಸುಬು ಅವಳಿಗೆ ಕಲಿಸಿದ ಪಾಠ. ಅಂದಿನಿಂದ ಸೆರಗು ಎಡಗೆನ್ನೆಗೆ ಏರಿತು.

ಫೋಟೋ ಏಳು ಮನೆಗೆ ಹೋಯಿತು. ಏಳು ಮನೆಯಿಂದಲೂ ವಾಪಸ್ ಬಂತು. ಏಳನೆಯದು ಮಿಲ್ಲಿನಲ್ಲಿ ಕ್ಲರ್ಕ್ ಆಗಿದ್ದ ಶೇಖರಪ್ಪನ ಮನೆ. ಅವನು ಅವಳನ್ನು ಒಂದು ಮದುವೆಯಲ್ಲಿ ನೋಡಿ ಮೆಚ್ಚಿ ತಾನಾಗಿಯೇ ಕೇಳಿ ಕಳಿಸಿದ್ದವನು. ಫೋಟೋ ನೋಡಿದ ಅವನ ತಾಯಿ, "ಮದುವೆ ಮನೇಲಿ ಪೌಡರ್ ಮೆತ್ಕೊಂಡಿದ್ಲೇನೋ," ಎಂದು ಹೇಳಿ ಕಳಿಸಿದಳು. ಕಲಾವತಿಯ ತಾಯಿ ಮುನಿಗಂಗಮ್ಮ ಮಾಕಳಿ ಕಡೆಯವಳು. ಅವಳು ಆ ಮಾತು ಕೇಳಿ ಅಳಲಿಲ್ಲ. "ಓಗ್ಲಿ ಬಿಡವ್ವ. ಇಂಗೇ ನನ್ ಜೊತೆ ಇದ್ಬುಡು," ಎಂದಳು. ಆಮೇಲೆ ಹದಿನೇಳು ವರ್ಷ ಪ್ರತಿ ಶುಕ್ರವಾರ ಮಗಳ ಕೆನ್ನೆಗೆ ಅರಿಶಿನ, ನಿಂಬೆರಸ ಹಚ್ಚಿದಳು. ಸಾಯುವ ವಾರವೂ ಹಚ್ಚಿದ್ದಳು.

ಫೋಟೋ ಏಳನೆಯ ಸಲ ವಾಪಸ್ ಬಂದ ವರ್ಷವೇ ಬಾಲರಾಜನಿಗೆ ಅಕ್ಕನ ಮಗಳು ಪದ್ಮಶ್ರೀ ಜೊತೆ ಮದುವೆಯಾಯಿತು. ಮದುಮಗಳ ಮುಖದ ಟಚಿಂಗ್ ಮಾಡಿದ್ದು ಕಲಾವತಿಯೇ. ಮೂರು ದಿನ ಕೂತು, ಪೆನ್ಸಿಲ್ ಒಂದು ಸಲವೂ ಮುರಿಯದ ಹಾಗೆ ಮಾಡಿದಳು.

ಮದುವೆಯ ಮಾತನ್ನು ಈಗ ಹೆಬ್ಬಾಳ ಕೆರೆಯ ದಂಡೆಯ ಬೆಂಚಿನ ಮೇಲೆ ಬಾಲರಾಜನೇ ಎತ್ತಿದ. ಭಾನುವಾರದ ಸಂಜೆ. ಫ್ಲೈಓವರಿನ ಮೇಲೆ ಏರ್‌ಪೋರ್ಟಿನ ಬಸ್ಸುಗಳು ಹರಿಯುತ್ತಿದ್ದವು.

"ನನ್ನ ಮದುವೆ ಆಗ್ತೀಯಾ ಕಲಾ?"

ಅವಳು ಕಡಲೆಕಾಯಿ ಸುಲಿಯುತ್ತಿದ್ದಳು. ಸುಲಿದ ಬೀಜವನ್ನು ಬಿಸಾಡಿ ಸಿಪ್ಪೆಯನ್ನು ಬಾಯಿಗೆ ಹಾಕಿಕೊಂಡಳು.

"ಆವಾಗ ಯಾಕೆ ಕೇಳ್ಲಿಲ್ಲ?"

"ಅಕ್ಕನ ಮಗಳು ತೊಟ್ಟಿಲಲ್ಲಿದ್ದಾಗ್ಲೇ ಮಾತಾಗಿತ್ತು. ಅಪ್ಪನ ಮುಂದೆ ಬಾಯಿ ಬಿಡೋಕಾಗ್ಲಿಲ್ಲ. ಇವತ್ತು ನಾಳೆ ಅಂತ ನೋಡ್ತಾ ನೋಡ್ತಾ..."

"ಮುಖ ನೋಡಿದ್ದೀರಲ್ಲ ನೀವು. ಗೊತ್ತಿದ್ದೂ ಕೇಳ್ತಿದ್ದೀರಾ?"

"ಯಾವ ಮುಖ?"

ಅವಳು ಸೆರಗಿನ ಮೇಲಿಂದಲೇ ಎಡಗೆನ್ನೆ ಮುಟ್ಟಿಕೊಂಡಳು. ಅವನು ಕೆರೆಯ ಕಡೆ ನೋಡಿದ. ನಾಚಿಕೆ ಇರಬೇಕೆಂದು ಅವಳು ಭಾವಿಸಿದಳು. ನಾಚಿಕೆಯೇ, ಅವಳು ಊಹಿಸಿದ್ದರಲ್ಲಿ ತಪ್ಪೇನಿಲ್ಲ.

"ನಂಗೆ ಅದೆಲ್ಲಾ ಏನೂ ಕಾಣಲ್ಲ," ಎಂದ.

ಏಳು ಮನೆಯವರಿಗೆ ಕಂಡದ್ದು ಇವನಿಗೆ ಕಾಣುವುದಿಲ್ಲ! ಆ ಫೋಟೋ ತೆಗೆದವನೇ ಇವನು. ಹನ್ನೊಂದು ಕಲೆಯನ್ನೂ ಎಣಿಸಬಲ್ಲವನು. ಆದರೂ ಕೇಳುತ್ತಿದ್ದಾನೆ. ಇಪ್ಪತ್ತಮೂರು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಕೆರೆಯೊಳಗೆ ಉರುಳಿದ ಹಾಗಾಯಿತು ಅವಳಿಗೆ. ನಲವತ್ತೈದು ವರ್ಷದ ಹೆಂಗಸು ಬೆಂಚಿನ ಮೇಲೆ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಅವನು ಕರವಸ್ತ್ರ ಕೊಟ್ಟ. ಅವಳು ಹೂಂ ಎಂದಳು.

ಮುಂದಿನ ತಿಂಗಳ ಎರಡನೇ ಗುರುವಾರ, ಮಾಕಳಿಯ ದೇವಸ್ಥಾನದಲ್ಲಿ, ಹತ್ತು ಜನರ ಮುಂದೆ ಎಂದು ಗೊತ್ತಾಯಿತು. ಅದಕ್ಕೂ ಮುಂಚಿನ ಭಾನುವಾರ ಅವಳದೊಂದು ಒಂಟಿ ಫೋಟೋ ತೆಗೆಯಬೇಕೆಂದು ಬಾಲರಾಜ್ ಹಟ ಹಿಡಿದ. ಮೇಲಿನಿಂದ ಬಗ್ಗಿ ನೋಡುವ, ಎರಡು ಲೆನ್ಸಿನ ಹಳೆಯ ಪೆಟ್ಟಿಗೆ ಕ್ಯಾಮೆರಾ ಒರೆಸಿಟ್ಟಿದ್ದ. ಊರೆಲ್ಲ ಅಲೆದು ಒಂದೇ ಒಂದು ರೋಲ್ ಫಿಲ್ಮ್ ಸಂಪಾದಿಸಿದ್ದ.

"ಹನ್ನೆರಡು ಫ್ರೇಮ್ ಇದೆ ಕಲಾ. ಹನ್ನೆರಡೂ ನಿಂದೇ."

"ವೇಸ್ಟ್ ಮಾಡ್ತೀರ. ಒಂದ್ ಸಾಕಪ್ಪಾ ಈ ಮುಖಕ್ಕೆ," ಎಂದು ಅವಳು ಬೈದಳು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಹನ್ನೆರಡು ಭಂಗಿ ಯೋಚಿಸಿದಳು.

ಶುಕ್ರವಾರ ಮಧ್ಯಾಹ್ನ ಅಂಗಡಿಯ ಮಾಲೀಕ ಅಬ್ರಾರ್ ನಮಾಜ್ ಮುಗಿಸಿ ಬಂದವನು ಅವಳ ಮೇಜಿನ ಮೇಲೆ ಒಂದು ಹಳದಿಗಟ್ಟಿದ ಕವರ್ ಇಟ್ಟು ಕಣ್ಣು ಮಿಟುಕಿಸಿದ.

"ಕಲಾ ಅಕ್ಕಾ, ನಾನ್ ಕೊಟ್ಟೆ ಅಂತ ಹೇಳ್ಬಾರ್ದು. ನಿಮ್ ಬಾಲರಾಜ್ ಸಾಬ್ ಸೀಕ್ರೆಟ್ಟಾಗಿ ಕೊಟ್ಟವ್ರೆ. ನಿಮ್ದೇ ಫೋಟೋ, ಹಳೇದು. ಸ್ಕ್ಯಾನ್ ಮಾಡಿ, ಗ್ರೇನ್ ತೆಗೆಯೋ ನಾಯ್ಸ್ ಫಿಲ್ಟರ್ ಫುಲ್ ಇಟ್ಟು, ಮುಖ ಒಂದ್ಸಲ ನೈಸ್ ಮಾಡಿ ದೊಡ್ಡ ಪ್ರಿಂಟ್ ಹಾಕ್ಬೇಕಂತೆ. ಮದುವೆ ದಿನ ಸರ್‌ಪ್ರೈಸ್! ನೆಗೆಟಿವ್ ನೀವು ನೋಡ್ಬಾರ್ದಂತೆ, ನಾನೇ ಮಾಡಿ ಅವ್ರ ಕೈಗೇ ವಾಪಸ್ ಕೊಡ್ಬೇಕಂತೆ."

"ಮತ್ತೆ ನೀವೇ ಮಾಡ್ರಿ."

"ಅರೇ, ನಿಮ್ ಮುಖ ನಾನ್ ಕೆಡಿಸಿದ್ರೆ ನಾಳೆ ಇಬ್ರೂ ಸೇರಿ ನನ್ ಮುಖ ಕೆಡಿಸ್ತೀರ. ನೀವೇ ಮಾಡಿ, ಸುಮ್ನೆ ಗೊತ್ತಿಲ್ದಿರೋ ಥರ ಇರಿ," ಎಂದು ಅಬ್ರಾರ್ ನಗುತ್ತಾ ಹೊರಗೆ ಚಹಾಕ್ಕೆ ಹೋದ. ಒಳ್ಳೆಯ ಮನುಷ್ಯ. ಪ್ರೇಮಿಗಳಿಗೆ ಉಪಕಾರ ಮಾಡುವ ಚಟ ಅವನಿಗೆ.

ಅವಳು ನೆಗೆಟಿವನ್ನು ಅಂಚಿನಲ್ಲಿ ಹಿಡಿದು ಹೊರತೆಗೆದಳು. ಇಪ್ಪತ್ತೆರಡು ವರ್ಷದ ಅವಳು, ಕಪ್ಪು ಹಲ್ಲು, ಬಿಳಿ ಕೂದಲು, ತಲೆಕೆಳಗಾದ ಬಣ್ಣದಲ್ಲಿ. ಇಷ್ಟು ವರ್ಷ ಕಾಪಾಡಿಕೊಂಡಿದ್ದಾನಲ್ಲ ಎಂದುಕೊಂಡಳು.

ಮೊದಲ ಸಲ ಸಣ್ಣದಾಗಿ ಓದಿಸಿ ನೋಡಿದಳು. ಮುಖದ ತುಂಬ ಸುಳ್ಳು ಗ್ರೇನು ಎದ್ದು ಕಲೆ ಯಾವುದು ಗ್ರೇನು ಯಾವುದು ಗೊತ್ತಾಗಲಿಲ್ಲ. ಅವನು ಹೇಳಿದಂತೆ ಫಿಲ್ಟರ್ ಪೂರ್ತಿ ಎಳೆದರೆ ಒಂದೇ ಕ್ಷಣಕ್ಕೆ ಎಲ್ಲ ಅಳಿಸಿಹೋಗಿ ಮುಖ ಪ್ಲಾಸ್ಟಿಕ್ ಗೊಂಬೆಯದಾಯಿತು. ಅಲ್ಲಿಗೆ ಬಿಟ್ಟಿದ್ದರೆ ಗುರುವಾರ ಮದುವೆಯಾಗುತ್ತಿತ್ತು. ಬಿಡಲಿಲ್ಲ. ತನ್ನನ್ನು ಪ್ರೀತಿಸುವವನಿಗೆ ಕೊಡುವ ಪ್ರಿಂಟು ಅಡ್ಡಾದಿಡ್ಡಿ ಇರಬಾರದೆಂದು, ಯಾವ ಗಿರಾಕಿಗೂ ಮಾಡದಷ್ಟು ಮುತುವರ್ಜಿಯಿಂದ, ಗಾಜು ಒರೆಸಿ, ಫಿಲ್ಮು ಊದಿ, ಮಷೀನಿನ ಕೊನೆಯ ರೆಸಲ್ಯೂಶನ್ನಿಗೆ ಹಾಕಿ, ಹದಿನಾರು ಸಲ ಓದಿಸಿದಳು.

ಇಪ್ಪತ್ತು ನಿಮಿಷದ ನಂತರ ಎಡಗೆನ್ನೆ ಪರದೆ ತುಂಬ ತೆರೆದುಕೊಂಡಿತು.

ಈಗ ಪ್ರತಿ ಗ್ರೇನೂ ಬೇರೆ ಬೇರೆ. ಕಣ್ಣಿನ ಕೆಳಗೆ ಗ್ರೇನು, ಮೂಗಿನ ಪಕ್ಕ ಗ್ರೇನು, ತುಟಿಯಂಚಿನ ನೆರಳಿನಲ್ಲೂ ಗ್ರೇನು. ಮೂರು ಕಲೆಗಳ ಒಳಗೆ, ಕನ್ನಡಿಯಲ್ಲಿ ಕಾಣುತ್ತಿದ್ದ ಅವೇ ಮೂರರ ಒಳಗೆ, ಸುತ್ತಲಿನ ಚರ್ಮದಲ್ಲಿದ್ದಂಥದೇ ಗ್ರೇನು. ಉಳಿದ ಎಂಟರಲ್ಲಿ ಇರಲಿಲ್ಲ. ಎಂಟೂ ಬೋಳಾಗಿದ್ದವು. ಚರ್ಮದ ಕುಳಿಯಾಗಿದ್ದರೆ ಫಿಲ್ಮು ಅದನ್ನೂ ಗ್ರೇನಿನಲ್ಲೇ ಬರೆಯುತ್ತಿತ್ತು. ಗ್ರೇನು ಇಲ್ಲವೆಂದರೆ ಅಲ್ಲಿ ಪದರವೇ ಇಲ್ಲ.

ಅವಳು ನೆಗೆಟಿವ್ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದಳು. ಭೂತಗಾಜು ಹಿಡಿದು, ಫಿಲ್ಮಿನ ಪದರವಿರುವ ಮಂಕು ಮಗ್ಗುಲನ್ನು ಓರೆಮಾಡಿದಳು. ಎಂಟು ಕಡೆ ಮಿಂಚಿತು. ಸಣ್ಣ ಸಣ್ಣ ಗೀರು, ಎಲ್ಲವೂ ಒಂದೇ ಕಡೆಗೆ ವಾಲಿದ್ದವು, ಎಡಗೈಯವರು ಎಳೆದರೆ ವಾಲುವ ಕಡೆಗೆ. ಆ ಸ್ಟುಡಿಯೋದಲ್ಲಿ ಎಡಗೈಯಲ್ಲಿ ಬ್ಲೇಡು ಹಿಡಿಯುತ್ತಿದ್ದವನು ಒಬ್ಬನೇ. ಎದುರಿಗೆ ಕೂತು ಆ ಕೈಯನ್ನು ಅವಳು ವರ್ಷಗಟ್ಟಲೆ ಆಸೆಯಿಂದ ನೋಡಿದ್ದಳು.

ಪಕ್ಕದ ಬೇಕರಿಯಲ್ಲಿ ಯಾರೋ ಪಫ್ ಬಿಸಿ ಇದೆಯಾ ಎಂದು ಕೇಳುತ್ತಿದ್ದರು. ಅವಳು ಒಳಗೆ ಬಂದು ಕೂತಳು. ಅಳು ಬರಲಿಲ್ಲ. ಸಾಯುವ ವಾರದ ಶುಕ್ರವಾರ ನಡುಗುವ ಬೆರಳಿನಿಂದ ಅರಿಶಿನ ಹಚ್ಚಿದ ತಾಯಿಯ ನೆನಪು ಬಂತು. ಅವಳಿಗೆ ಅವನನ್ನು ಕೊಲ್ಲಬೇಕೆನ್ನಿಸಿತು. ಆಮೇಲೆ ಮೌಸ್ ಹಿಡಿದು ಕೆಲಸಕ್ಕೆ ಕೂತಳು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಯಶವಂತಪುರದ ಅವನ ಮನೆಯ ತಾರಸಿಗೆ ಹೋದಳು. ನವಿಲು ಬಣ್ಣದ ಸೀರೆ, ಕೈಯಲ್ಲಿ ಒಂದು ದೊಡ್ಡ ಕವರ್. ಬಟ್ಟೆ ಒಣಹಾಕುವ ತಂತಿಗೆ ಬಿಳಿ ಚಾದರ ಕಟ್ಟಿ, ನೆರಳಲ್ಲಿ ಕುರ್ಚಿ ಹಾಕಿ, ಬಾಲರಾಜ್ ಮದುಮಗನ ಹಾಗೆ ಶೇವ್ ಮಾಡಿಕೊಂಡು ನಿಂತಿದ್ದ.

ಅವಳು ಕೂತು, ಸೆರಗನ್ನು ಕೆನ್ನೆಯಿಂದ ಇಳಿಸಿ ಭುಜಕ್ಕೆ ಹಾಕಿದಳು.

ಅವನ ಕೈ ಕ್ಯಾಮೆರಾದ ಮೇಲೆ ನಿಂತುಬಿಟ್ಟಿತು. "ಏನಿವತ್ತು?"

"ಯಾಕೆ? ನಿಮಗೆ ಅದೆಲ್ಲಾ ಏನೂ ಕಾಣಲ್ಲ ಅಂದ್ರಲ್ಲ. ತೆಗೀರಿ."

ಅವನು ಬಗ್ಗಿ ಗಾಜಿನೊಳಗೆ ನೋಡಿದ. ಕ್ಲಿಕ್. ಅವಳು ಎಡಗಡೆ ತಿರುಗಿದಳು. ಕ್ಲಿಕ್. ಗಲ್ಲ ಎತ್ತಿದಳು, ಓರೆಗಣ್ಣಲ್ಲಿ ನೋಡಿದಳು, ಬಸ್ಸಿನಲ್ಲಿ ಯೋಚಿಸಿಟ್ಟಿದ್ದ ಹನ್ನೆರಡು ಭಂಗಿಯಲ್ಲಿ ಒಂದನ್ನೂ ಬಿಡಲಿಲ್ಲ.

"ಕಣ್ಣು ಹಂಗೇ ಇಡು. ಅಯ್ಯೋ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಈ ನಗೂನ?"

"ನಾನ್ ಬಚ್ಚಿಟ್ಟಿರ್ಲಿಲ್ಲ ಬಿಡಿ."

"ಕೊನೇದು ಕಲಾ, ಹನ್ನೆರಡನೇದು. ನನ್ನೇ ನೋಡು."

ನೋಡಿದಳು. ಇಪ್ಪತ್ತಾರು ವರ್ಷದ ಆಸೆಯನ್ನೆಲ್ಲ ಕಣ್ಣಿಗೆ ತಂದುಕೊಂಡು, ಏನನ್ನೂ ಬಚ್ಚಿಡದೆ ನೋಡಿದಳು. ಅದು ನಟನೆಯಲ್ಲ, ಅವಳಿಗೆ ಅವನು ಇನ್ನೂ ಇಷ್ಟವೇ ಆಗಿದ್ದ. ಕ್ಯಾಮೆರಾದ ಮೇಲೆ ಬಗ್ಗಿದ ಅವನ ಕಣ್ಣಿಂದ ಒಂದು ಹನಿ ಗಾಜಿನ ಮೇಲೆ ಬಿತ್ತು. ಕ್ಲಿಕ್.

ಅವನು ರೋಲ್ ಸುತ್ತಿ ಹೊರತೆಗೆದು, ಪಟ್ಟಿ ಅಂಟಿಸಿ, ಹೂ ಕೊಟ್ಟಂತೆ ಅವಳ ಕೈಗೆ ಕೊಟ್ಟ. "ನೀನೇ ತೊಳೆಸು. ನಿನ್ ಕೈಲೇ ಸ್ಕ್ಯಾನ್ ಆಗ್ಲಿ."

ಅವಳು ರೋಲನ್ನು ಎಡ ಮುಷ್ಟಿಯಲ್ಲಿ ಇಟ್ಟುಕೊಂಡು ಕವರಿನಿಂದ ಪ್ರಿಂಟ್ ತೆಗೆದು ಅವನ ಮುಂದೆ ಹಿಡಿದಳು. ಇಪ್ಪತ್ತೆರಡರ ಕಲಾವತಿ, ಎದೆಯಗಲದ ಪ್ರಿಂಟಿನಲ್ಲಿ. ಎಡಗೆನ್ನೆಯ ಮೇಲೆ ಸಾಸಿವೆ ಕಾಳಿನಂಥ ಮೂರು ಕಲೆ. ಮೂರೇ. ಕೆರೆದುಹೋಗಿದ್ದ ಎಂಟು ಜಾಗಕ್ಕೆ ಅದೇ ಕೆನ್ನೆಯ ಗ್ರೇನನ್ನೇ ತಂದು ತುಂಬಿದ್ದಳು.

"ಅಬ್ರಾರ್ ಹೇಳ್ಬಿಟ್ಟನಾ? ಎಷ್ಟು ಚೆನ್ನಾಗಿ..." ಎನ್ನುತ್ತಾ ಹತ್ತಿರ ಬಂದವನು ಅರ್ಧದಲ್ಲೇ ನಿಂತ. ಅವನೂ ಕಸುಬುದಾರನೇ. ಮೂರು ಎಣಿಸಿದ. ಬೆಣ್ಣೆ ಮುಖವಲ್ಲ, ಗ್ರೇನು ಇದ್ದ ಮುಖ ಎಂದು ಕಂಡುಕೊಂಡ. ಎಡಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡ.

"ಬ್ಲೇಡ್ ನಿಂದೇ ಅಲ್ವಾ?" ಎಂದಳು.

ಆ ಏಕವಚನ ಅವನ ಕೆನ್ನೆಗೆ ಬಿತ್ತು. ಇಪ್ಪತ್ತಾರು ವರ್ಷದಲ್ಲಿ ಅವಳು ಅವನನ್ನು ಹಾಗೆ ಕರೆದಿರಲಿಲ್ಲ.

"ಕಲಾ, ನಿನ್ನನ್ನ ಯಾರೂ ಕರ್ಕೊಂಡು ಹೋಗ್ಬಾರ್ದು ಅಂತ... ಅಪ್ಪನ್ನ ಒಪ್ಸೋವರ್ಗೂ ಸ್ವಲ್ಪ ಟೈಮ್ ಸಿಗ್ಲಿ ಅಂತ. ಪ್ರೀತಿಗೆ ಮಾಡಿದ್ದು ಕಣೇ."

"ಪ್ರೀತಿಗೆ ಬ್ಲೇಡ್ ಯಾಕೆ ಬೇಕಿತ್ತು? ಬಾಯಿ ಇತ್ತಲ್ಲ."

ಅವನು ಕ್ಯಾಮೆರಾದ ಮುಚ್ಚಳ ಮುಚ್ಚಿದ.

"ಟೈಮ್ ತಗೊಂಡು ನೀನ್ ಮದುವೆ ಆದೆ."

"ಆದೆ."

"ಅವಳ ಮುಖಕ್ಕೆ ನನ್ ಕೈಲಿ ಟಚಿಂಗ್ ಮಾಡ್ಸಿದೆ."

"ಹೂಂ."

"ಆಮೇಲಾದ್ರೂ ಹೇಳ್ಬಹುದಿತ್ತು. ನಮ್ಮಮ್ಮ ಬದುಕಿದ್ಲು. ಹದಿನೇಳು ವರ್ಷ ಹಚ್ಚಿದ್ಲು ಅರಿಶಿನ. ಹೇಳಿದ್ರೆ ಹಚ್ಚೋದ್ ಬಿಡ್ತಿದ್ಲು."

"ಹೇಳಿದ್ರೆ ನೀನು ಸ್ಟುಡಿಯೋ ಬಿಟ್ಟು ಹೋಗ್ತಿದ್ದೆ. ದಿನಾ ನಿನ್ನ ಎದುರಿಗೆ ಕೂತ್ಕೊಳ್ಳೋದು ತಪ್ಪೋಗ್ತಿತ್ತು."

ಇಷ್ಟಕ್ಕೂ ಅವನು ಸುಳ್ಳು ಹೇಳಲಿಲ್ಲ. ಪ್ರೇಮಿಗಳ ನಿಜ ಕೆಲವು ಸಲ ಸುಳ್ಳಿಗಿಂತ ಹೊಲಸಾಗಿರುತ್ತದೆ.

ಅವಳಿಗೆ ಇನ್ನೊಂದು ಕೇಳಬೇಕಿತ್ತು. ಕಸುಬಿನವರು ಕಸುಬಿನವರನ್ನು ಕೇಳುವ ಪ್ರಶ್ನೆ. "ಎಂಟು ಯಾಕೆ? ನಾಲ್ಕು ಸಾಲ್ತಿರ್ಲಿಲ್ವಾ?"

ಬಾಲರಾಜ್ ನೆಲ ನೋಡುತ್ತಾ ಹೇಳಿದ, "ಮೊದ್ಲು ನಾಲ್ಕೇ ಮಾಡಿದ್ದೆ. ಪ್ರಿಂಟ್ ಹಾಕಿ ನೋಡಿದೆ. ಆದ್ರೂ ನೀನು ಚೆನ್ನಾಗೇ ಕಾಣ್ತಿದ್ದೆ."

ತಂತಿಯ ಮೇಲಿನ ಚಾದರ ಗಾಳಿಗೆ ಒಮ್ಮೆ ಉಬ್ಬಿ ಇಳಿಯಿತು. ಅವಳ ಜೀವಮಾನದಲ್ಲಿ ಯಾರೂ ಅವಳ ಚೆಲುವಿನ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಹೇಳಿರಲಿಲ್ಲ. ಕೇಳಿದ ಮೇಲೆ ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಗುರುವಾರ...?" ಎಂದ ಅವನು, ಇನ್ನೂ ಆಸೆ ಬಿಡದೆ.

"ಗುರುವಾರ ನಂಗೆ ಡ್ಯೂಟಿ ಇದೆ."

"ಕ್ಷಮಿಸು ಅಂತ ಕೇಳಲ್ಲ. ಆ ರೋಲ್ ಒಂದು ಬಿಟ್ಟು ಹೋಗು. ಇನ್ನೇನೂ ಬೇಡ. ಆ ಹನ್ನೆರಡು ಇದ್ರೆ ಸಾಕು ನಂಗೆ."

ಅವಳು ನೆರಳಿನಿಂದ ಬಿಸಿಲಿಗೆ ಎರಡು ಹೆಜ್ಜೆ ಬಂದಳು. ಅಂಟಿಸಿದ ಪಟ್ಟಿಯನ್ನು ಉಗುರಿನಿಂದ ಬಿಡಿಸಿದಳು.

"ಕಲಾ, ಬೇಡ. ಕಲಾ!"

ಎಳೆದಳು. ಕಪ್ಪು ಕಾಗದ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು, ಅದರೊಳಗಿನಿಂದ ಫಿಲ್ಮು ಜಾರಿ ಹೊರಬಂತು, ಉದ್ದಕ್ಕೆ, ಕೊನೆಯವರೆಗೆ. ಹತ್ತೂವರೆಯ ಬಿಸಿಲು ಅದರ ಮೇಲೆ ಪೂರ್ತಿ ಬಿತ್ತು. ಅವಳ ಮುಖ ಹನ್ನೆರಡು ಸಲ ಸುಟ್ಟುಹೋಯಿತು. ಇಡೀ ರೋಲನ್ನು ಮುದ್ದೆ ಮಾಡಿ ಅವನ ಎಡ ಅಂಗೈಯಲ್ಲಿ ಇಟ್ಟು ಬೆರಳು ಮಡಿಸಿದಳು.

"ಹನ್ನೆರಡು ಸಲ ನೋಡಿದ್ದೀಯ. ಅಷ್ಟೇ ನಿನ್ ಪಾಲು."

ಪ್ರಿಂಟನ್ನು ಅವನಿಗೆ ಬಿಡಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದಳು. ಮೇಲಿನಿಂದ ಒಂದು ಗಂಡಸಿನ ಅಳು ಕೇಳುತ್ತಿತ್ತು. ಅದನ್ನು ಕೇಳಿ ಅವಳಿಗೆ ಸಮಾಧಾನವಾಗಲಿಲ್ಲ, ತಿರುಗಿ ಮೇಲೆ ಹೋಗಬೇಕೆನ್ನಿಸಿತು. ಹೋಗಲಿಲ್ಲ. ಬಸ್ಸಿನಲ್ಲಿ ಎಡಗೆನ್ನೆ ಜನರ ಕಡೆಗೆ ಬರುವ ಸೀಟೇ ಸಿಕ್ಕಿತು. ಸೆರಗು ಭುಜದ ಮೇಲೇ ಇ‌ತ್ತು. ಜಾಲಹಳ್ಳಿ ಕ್ರಾಸ್ ದಾಟಿ ದಾಸರಹಳ್ಳಿಯವರೆಗೂ ಒಬ್ಬರೂ ಅವಳ ಕಡೆ ನೋಡಲಿಲ್ಲ.

ಬಾಗಲಗುಂಟೆಯ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ತಾಯಿಯ ಫೋಟೋ ಪಕ್ಕದ ಮೊಳೆಯಲ್ಲಿ ಸಣ್ಣ ಕನ್ನಡಿ ತೂಗುತ್ತಿತ್ತು. ಕಿಟಕಿ ತೆರೆದು, ಕನ್ನಡಿಯನ್ನು ಬೆಳಕಿಗೆ ಹಿಡಿದು, ಇಪ್ಪತ್ತಮೂರು ವರ್ಷದ ನಂತರ ಎಡಗೆನ್ನೆಯ ಕಲೆಗಳನ್ನು ಎಣಿಸಲು ನಿಂತಳು. ಸುಕ್ಕುಗಳ ನಡುವೆ ಹುಡುಕಬೇಕಾಯಿತು. ಒಂದು ಸಿಕ್ಕಿತು, ಎರಡನೆಯದು ಸಿಕ್ಕಿತು, ಮೂರನೆಯದು ಮಸುಕಾಗಿತ್ತು. ಅವಳು ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಮೂರೇ ಇದ್ದವು.